‘ಆ್ಯಂಟಿಬಯೋಟಿಕ್ ಯಾಕೆ ನಿಲ್ಲಿಸಿದಿರಿ ಡಾಕ್ಟರೇ?’

ಕೋಲಾರದ ಐಸಿಯು ಬಾಗಿಲಲ್ಲಿ ನನ್ನನ್ನು ತಡೆಯುವವರು ಮುಳಬಾಗಿಲಿನವರಿರಲಿ, ಶ್ರೀನಿವಾಸಪುರದವರಿರಲಿ, ಕೇಳುವುದು ಇದನ್ನೇ: ‘ಮೈ ಇನ್ನೂ ಬೆಚ್ಚಗಿದೆಯಲ್ಲ, ಆಗಲೇ ಆ್ಯಂಟಿಬಯೋಟಿಕ್ ಯಾಕೆ ನಿಲ್ಲಿಸಿದಿರಿ? ಆಸೆ ಬಿಟ್ಟಿರಾ?’

ಬಿಟ್ಟಿಲ್ಲ. ನಿಲ್ಲಿಸಲು ಧೈರ್ಯ ಕೊಟ್ಟದ್ದು ಪ್ರೊಕ್ಯಾಲ್ಸಿಟೋನಿನ್ ಎಂಬ ರಕ್ತಪರೀಕ್ಷೆ. ರಿಪೋರ್ಟಿನಲ್ಲಿ ‘ಪಿಸಿಟಿ’ ಎಂದಿರುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಮಿಲಿಲೀಟರಿಗೆ 0.1 ನ್ಯಾನೊಗ್ರಾಂ ಕೂಡ ಇರುವುದಿಲ್ಲ. ಬ್ಯಾಕ್ಟೀರಿಯಾ ಸೋಂಕು ಮೈಯೆಲ್ಲ ಹರಡಿದರೆ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಸೋಂಕು ಹಿಡಿತಕ್ಕೆ ಬಂದರೆ ಹೆಚ್ಚುಕಡಿಮೆ ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ.

ಮೂತ್ರದ ಸೋಂಕು ರಕ್ತಕ್ಕೇರಿ, ಬಿಪಿ ಕುಸಿದು ಬಂದ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಎಂದಿಟ್ಟುಕೊಳ್ಳಿ. ಮೊದಲ ದಿನ ಪಿಸಿಟಿ 40, ಐದನೇ ದಿನ 6. ಗರಿಷ್ಠ ಮಟ್ಟದಿಂದ ಶೇ 80ರಷ್ಟು ಇಳಿದರೆ ಅಥವಾ 0.5ಕ್ಕೆ ಬಂದರೆ ನಿಲ್ಲಿಸುವ ಯೋಚನೆ ಮಾಡಬಹುದು. ಇಲ್ಲಿ ಶೇ 85 ಇಳಿದಿದೆ. ಏರಿಸುವ ಔಷಧವಿಲ್ಲದೆಯೇ ಬಿಪಿ ಸ್ಥಿರವಾಗಿದೆ, ಮೂತ್ರ ಚೆನ್ನಾಗಿ ಹೋಗುತ್ತಿದೆ, ಅಜ್ಜಿ ಮುದ್ದೆ ಕೇಳುತ್ತಿದ್ದಾರೆ (ನನಗೆ ಎಷ್ಟೋ ಸಲ ಇದೇ ದೊಡ್ಡ ರಿಪೋರ್ಟು). ಸಂಜೆಯ 99.5 ಡಿಗ್ರಿಗೆ ಹೆದರಿ ಇಂಜೆಕ್ಷನ್ ಮುಂದುವರಿಸಿದರೆ ಸಿಗುವುದು ಭೇದಿ, ಕಿಡ್ನಿಗೆ ಹೊರೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ.

ಇದು ನನ್ನೊಬ್ಬನ ಹಟವಲ್ಲ. 2016ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ 1,500ಕ್ಕೂ ಹೆಚ್ಚು ಐಸಿಯು ರೋಗಿಗಳಿದ್ದರು. ಪಿಸಿಟಿ ನೋಡಿ ನಿಲ್ಲಿಸಿದವರಿಗೆ 7 ದಿನದ ಬದಲು 5 ದಿನ ಔಷಧ ಸಾಕಾಯಿತು. ಸಾವು ಹೆಚ್ಚಲಿಲ್ಲ, ಕಡಿಮೆಯೇ ಆಯಿತು. 2024ರ ಬ್ರಿಟನ್ ಅಧ್ಯಯನದಲ್ಲಿ ಸುಮಾರು ಒಂದು ದಿನದ ಔಷಧ ಉಳಿತಾಯವಾಯಿತು. ಉರಿಯೂತವನ್ನು ತೋರಿಸುವ, ನಮಗೆಲ್ಲ ಪರಿಚಿತವಾದ ಸಿಆರ್‌ಪಿ ಎಂಬ ರಕ್ತಪರೀಕ್ಷೆಯಿಂದ ಅಷ್ಟೂ ಉಳಿಯಲಿಲ್ಲ.

ಆದರೆ ಔಷಧ ಶುರು ಮಾಡಲು ಪಿಸಿಟಿಗೆ ಕಾಯುವುದಿಲ್ಲ. ಸೆಪ್ಸಿಸ್‌ನಿಂದ, ಅಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳು ಸೋಲುವ ಸ್ಥಿತಿಯಿಂದ, ಬಿಪಿ ಬಿದ್ದವರಿಗೆ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು. ದೊಡ್ಡ ಶಸ್ತ್ರಚಿಕಿತ್ಸೆ, ಸುಟ್ಟಗಾಯ, ಅಪಘಾತದ ನಂತರ ಸೋಂಕಿಲ್ಲದೆಯೂ ಇದು ಏರುತ್ತದೆ; ಒಳಗೆ ಕೀವು ಕಟ್ಟಿದ್ದರೂ ಏರದೆ ಸುಮ್ಮನಿರಬಹುದು. ಹೃದಯದ ಕವಾಟಕ್ಕೆ, ಮೂಳೆಗೆ ಸೋಂಕು ತಗುಲಿದ್ದರೆ ಅಂಕಿ ಇಳಿದರೂ ವಾರಗಟ್ಟಲೆ ಔಷಧ ಕೊಡಲೇಬೇಕು. ಆದ್ದರಿಂದ ಒಂದು ದಿನದ ರಿಪೋರ್ಟಿನ ಫೋಟೊವನ್ನು ಬೆಂಗಳೂರಿನ ಭಾವನಿಗೆ ವಾಟ್ಸ್ಆ್ಯಪ್ ಮಾಡಿ ತೀರ್ಪು ಕೇಳಬೇಡಿ. ಹಿಂದಿನ ದಿನಗಳ ಅಂಕಿಯನ್ನೂ ರೋಗಿಯ ಮುಖವನ್ನೂ ನೋಡದೆ ಅವರಾದರೂ ಏನು ಹೇಳಿಯಾರು?

‘ನಿಲ್ಲಿಸಿದ ಮೇಲೆ ಪಿಸಿಟಿ ಮತ್ತೆ ಏರಿದರೆ?’ ಎಂದೂ ಕೇಳುತ್ತಾರೆ. ಆಗ ರಕ್ತ, ಮೂತ್ರವನ್ನು ಮತ್ತೆ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುತ್ತೇವೆ, ರಕ್ತನಾಳಕ್ಕೆ ಹಾಕಿದ ಹಳೆಯ ಲೈನ್ (ನಳಿಕೆ) ತೆಗೆಯುತ್ತೇವೆ, ಕೀವು ಎಲ್ಲಾದರೂ ಅಡಗಿದೆಯೇ ಎಂದು ಸ್ಕ್ಯಾನ್ ಮಾಡಿಸುತ್ತೇವೆ. ರೋಗಿ ಕುಸಿಯುತ್ತಿದ್ದರೆ ಅದರ ಫಲಿತಾಂಶಕ್ಕೂ ಕಾಯದೆ ಔಷಧ ಮತ್ತೆ ಶುರು ಮಾಡುತ್ತೇವೆ.