22 ಅಡಿಗೆ ನಿಲ್ಲಿಸಿದ ಅಜ್ಜ

“ಇನ್ನೊಂದು ಪೈಪ್ ಹೊಡೆಯಿರಿ, ದುಡ್ಡು ಕೊಡುತ್ತೇವಲ್ಲ” ಎಂದ ಭಾವ. “ಹೊಡೆಯಬಹುದು ತಮ್ಮಾ, ಕೆಳಗೆ ಉಪ್ಪುನೀರಿದೆ” ಎಂದು ಅಜ್ಜ ಟ್ರ್ಯಾಕ್ಟರಿನ ಎಂಜಿನ್ ಆರಿಸಿದ. ಈ ವಾರವಿಡೀ ನನ್ನ ಕಿವಿಯಲ್ಲಿ ಇದೇ ಮಾತು.

ಕುಮಟಾದ ಕಡಲಂಚಿನ ಮಾವನ ಮನೆಯ ಬಾವಿ ಈ ಬೇಸಿಗೆಯಲ್ಲೂ ಉಪ್ಪಾಯಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ, ಮೇ ತಿಂಗಳಲ್ಲಿ ಟ್ಯಾಂಕರಿಗೆ ಕಾಯುತ್ತದೆ. ಸಿರಸಿಯಲ್ಲಿ ನೌಕರಿ ಮಾಡುವ ಭಾವನಿಗೆ ಬೋರ್‌ವೆಲ್ ಲಾರಿ ಕರೆಸಿ 300 ಅಡಿ ಕೊರೆಸುವ ಹಟ. ಘಟ್ಟದ ಮೇಲೆ ಮದುವೆ ಊಟದ ಪಂಕ್ತಿಯಲ್ಲೂ ಬೋರಿನ ಆಳವನ್ನು ಮಗನ ಸಂಬಳದಂತೆ ಹೇಳಿಕೊಳ್ಳುತ್ತಾರೆ. ಮಾವ ಕೇಳಲಿಲ್ಲ, ನೆಲಕ್ಕೆ ಪೈಪ್ ಹೊಡೆದು ನೀರು ತೆಗೆಯುವ ಅಜ್ಜನಿಗೆ ಹೇಳಿಕಳಿಸಿದರು.

ಬಣ್ಣ ಉದುರಿದ ಎಚ್‌ಎಂಟಿ ಟ್ರ್ಯಾಕ್ಟರ್. ಹರಿಯಾಣದ ಪಿಂಜೋರಿನಲ್ಲಿ ಅದನ್ನು ತಯಾರಿಸುವುದೇ ನಿಂತಿದೆ, ಇದು ಮಾತ್ರ ನಿಂತಿಲ್ಲ. ಅಜ್ಜ ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿ ದಿಮ್ಮಿಯ ಮೇಲೆ ಕೂರಿಸಿದ, ನೆಲದ ಮೇಲಿದ್ದ ಚಕ್ರಕ್ಕೆ ಬ್ರೇಕ್ ಬಿಗಿದ. ಹಾಗೆ ಮಾಡಿದರೆ ಎರಡು ಚಕ್ರಗಳಿಗೆ ತಿರುಗುವಿಕೆಯನ್ನು ಹಂಚುವ ಗೇರು, ಡಿಫರೆನ್ಷಿಯಲ್‌ನಿಂದಾಗಿ ಎತ್ತಿದ ಚಕ್ರವೊಂದೇ ದುಪ್ಪಟ್ಟು ವೇಗದಲ್ಲಿ ತಿರುಗುತ್ತದೆ. ಅದಕ್ಕೆ ಬೋಲ್ಟ್ ಮಾಡಿದ ಡ್ರಮ್ಮಿಗೆ ಹಗ್ಗ ಸುತ್ತಿ, ಮೂರು ಕಂಬಗಳ ನೆತ್ತಿಯ ರಾಟೆಯ ಮೇಲಿಂದ ಇಳಿಸಿ ಕಬ್ಬಿಣದ ಗುಂಡಿಗೆ ಕಟ್ಟಿದ್ದ. ಹಗ್ಗದ ತುದಿಯನ್ನು ಜಗ್ಗಿದರೆ ಗುಂಡು ಏರುತ್ತದೆ, ಸಡಿಲ ಬಿಟ್ಟರೆ ಪೈಪಿನ ತಲೆಯ ಮೇಲೆ ಧಡ್ಡೆಂದು ಬೀಳುತ್ತದೆ. ಪೈಪಿನ ಅಡಿಯಲ್ಲಿ ಚೂಪು ಮೂತಿ, ಅದರ ಮೇಲೆ ಹಿತ್ತಾಳೆ ಜಾಲರಿಯ ಫಿಲ್ಟರ್. ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ ಮಾತ್ರ ನಡೆಯುವ ವಿದ್ಯೆ ಇದು. ಚೀರೆಕಲ್ಲು ಸಿಕ್ಕಿತೋ, ಮೂತಿ ಮಡಚಿತು.

ನಡುನಡುವೆ ದಾರಕ್ಕೆ ನಟ್ ಕಟ್ಟಿ ಪೈಪಿನೊಳಗೆ ಇಳಿಸಿ ನೋಡುತ್ತಿದ್ದ. 22 ಅಡಿಗೆ ದಾರ ಅರ್ಧದಷ್ಟು ಒದ್ದೆಯಾಗಿ ಬಂತು. ಆಗಲೇ ಆ ಮಾತು ನಡೆದದ್ದು.

ಕಡಲ ದಂಡೆಯ ಹೊಯಿಗೆಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಸಮುದ್ರ ಮಟ್ಟದಿಂದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿ ಎಂಬುದು ಭೂಜಲದ ಲೆಕ್ಕ. ಬೇಸಿಗೆಯಲ್ಲಿ ಮೇಲಿನದು ಅರ್ಧ ಅಡಿಗೆ ಇಳಿದರೆ ಕೆಳಗಿನದು 20 ಅಡಿಗೆ ಬರುತ್ತದೆ. ಇಲ್ಲಿ ಆಳಕ್ಕಿಳಿದಷ್ಟೂ ಸಮುದ್ರವನ್ನೇ ಮನೆಗೆ ಕರೆದಂತೆ. ಭಾವ ಬಿ.ಇ. ಓದಿದವನು, ಹೇಳಿದರೆ ತಿಳಿಯದ ಲೆಕ್ಕವೇನಲ್ಲ. ಆದರೆ ದುಡ್ಡು ಕೊಡಲು ಸಿದ್ಧನಿರುವವನಿಗೆ ಬೇಡವೆಂದು ಯಾರಾದರೂ ಹೇಳಿದರೆ ಮೊದಲು ಸಿಟ್ಟು ಬರುತ್ತದೆ.

ಅಜ್ಜ ಪಂಪಿನ ಬಗ್ಗೆಯೂ ಎಚ್ಚರಿಸಿದ: ಅರ್ಧ ಎಚ್‌ಪಿ ಸಾಕು, ಬಿಟ್ಟು ಬಿಟ್ಟು ಎತ್ತಿ. ಮಾವ ಹಾಗೆಯೇ ಮಾಡುತ್ತಾರೆ. ಬೇಲಿಯಾಚೆ ಹೋಂಸ್ಟೇ ಒಂದು ಎದ್ದಿದೆ, ಅವರ ಮೋಟಾರು ಹಗಲಿರುಳು ಓಡುತ್ತದೆ. ನೆಲದಡಿಯ ನೀರಿಗೆ ಬೇಲಿ ಎಲ್ಲಿದೆ? ಮಾವನ ಶಿಸ್ತು ಯಾರ ಈಜುಕೊಳ ತುಂಬಿಸುತ್ತಿದೆಯೋ. ಅದನ್ನು ಕೇಳಬೇಕಾದ ಪಂಚಾಯತಿಯವರು ಟ್ಯಾಂಕರಿನ ಬಿಲ್ಲು ಬರೆಯುತ್ತಿದ್ದಾರೆ.

ಅಜ್ಜನ ಕೂಲಿ ಅಡಿಯ ಲೆಕ್ಕದಲ್ಲಿ. ಇನ್ನೊಂದು ಪೈಪ್ ಹೊಡೆದಿದ್ದರೆ ದುಡ್ಡು ಅವನಿಗೇ ಬರುತ್ತಿತ್ತು. ಭಾವ ಅದನ್ನು ಗಮನಿಸಿದನೋ ಇಲ್ಲವೋ, 22 ಅಡಿಯ ಕೂಲಿಯಲ್ಲೂ ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸಿದ.