ಬ್ರೇಕಿಗೆ ಚರ್ಮ ಹೊಡೆಸಿದವರು

ಇವತ್ತು ಸ್ಕೂಟರಿಗೆ ಹೊಸ ಬ್ರೇಕ್ ಶೂ ಹಾಕಿಸಿಕೊಂಡು ಬರುವಾಗ ಬೆರ್ತಾ ಬೆಂಜ್ ನೆನಪಾದರು.

1888ರ ಆಗಸ್ಟ್. ಗಂಡ ಕಾರ್ಲ್ ಮಾಡಿದ್ದ ಮೂರು ಚಕ್ರದ ಮೋಟಾರು ಗಾಡಿ. ಅದರಲ್ಲಿ ಇಬ್ಬರು ಗಂಡುಮಕ್ಕಳ ಜೊತೆ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟೇಬಿಟ್ಟರು. 100 ಕಿಲೋಮೀಟರಿಗೂ ಜಾಸ್ತಿ ದಾರಿ! ಇಂಧನದ ಕೊಳವೆ ಕಟ್ಟಿಕೊಂಡಿತು, ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಇಳಿಜಾರಿನಲ್ಲಿ ಮರದ ಬ್ರೇಕ್ ಸವೆಯಿತು, ಚಪ್ಪಲಿ ಹೊಲಿಯುವವರ ಹತ್ತಿರ ಅದಕ್ಕೆ ಚರ್ಮ ಹೊಡೆಸಿದರು. ಏರು ಬಂದಾಗ ಮಾತ್ರ ಇಳಿದು ತಳ್ಳಲೇಬೇಕಿತ್ತು. ಅದನ್ನು ಕೇಳಿದ ಮೇಲೆಯೇ ಕಾರ್ಲ್ ಇನ್ನೊಂದು ಗೇರ್ ಸೇರಿಸಿದ್ದು.

ಹೆಸರು ಗಂಡನದೇ ಜಾಸ್ತಿ. ನನಗಂತೂ ಸರಿ ಅನ್ನಿಸುವುದಿಲ್ಲ. ಆ ಗಾಡಿಯನ್ನು ನಿಜವಾಗಿ ಪರೀಕ್ಷೆ ಮಾಡಿದ್ದು ಬೆರ್ತಾ ಅಲ್ವಾ?

ಮನೆ ಮುಂದೆ ನಿಂತು ನನ್ನ ಬ್ರೇಕನ್ನು ಇನ್ನೊಮ್ಮೆ ಒತ್ತಿ ನೋಡಿದೆ.