ಡ್ರಾಪ್‌ಡೌನ್‌ನಲ್ಲಿ ಉಳಿದುಹೋದ ಎಸ್‌ಪಿಎಫ್

"ಎಸ್‌ಪಿಎಫ್ ಹಾಕೋಕೆ ಎಸ್‌ಪಿಎಫ್ ಅಂತಾನೇ ಆಪ್ಷನ್ ಇದೆಯಲ್ಲ ಸರ್, ಮತ್ತೆ ಟಿಎಕ್ಸ್‌ಟಿ ಯಾಕೆ?"

ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದ ಈ ಪ್ರಶ್ನೆ ವಾರವಿಡೀ ತಲೆಯಲ್ಲಿ ಕೊರೆಯುತ್ತಿದೆ. ಎಸ್‌ಪಿಎಫ್ ಅಂದರೆ ನಮ್ಮ ಡೊಮೇನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಅಂತ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ಗಳ ವಿಳಾಸಪುಸ್ತಕದಲ್ಲಿ, ಸಾರುವ ಸಾಲು. ಟಿಎಕ್ಸ್‌ಟಿ ಅಂದರೆ ಅಲ್ಲಿ ಯಾವುದೇ ಪಠ್ಯ ಬರೆದಿಡುವ ಸಾಮಾನ್ಯ ಬಗೆಯ ರೆಕಾರ್ಡ್.

ಮೇಲ್ ಕಳಿಸುವ ಸರ್ವಿಸ್ ಬದಲಾಯಿಸಿದ್ದೆವು. ಗ್ರಾಹಕರಿಗೆ ಹೋಗಬೇಕಾದ ಬಿಲ್ಲುಗಳು ಸ್ಪ್ಯಾಮ್ ಪಾಲಾಗತೊಡಗಿದವು. ಡಿಗ್ (ಡಿಎನ್‌ಎಸ್ ವಿಚಾರಿಸುವ ಕಮಾಂಡ್) ಹೊಡೆದು ನೋಡಿದರೆ ಟಿಎಕ್ಸ್‌ಟಿ ರೆಕಾರ್ಡಿನಲ್ಲಿ ಹಳೇ ಸರ್ವಿಸ್‌ಗೆ ಅನುಮತಿ ಕೊಡುವ ಇನ್‌ಕ್ಲೂಡ್ ಹಾಗೇ ಕೂತಿದೆ, ಹೊಸದು ಎಸ್‌ಪಿಎಫ್‌ನ ಪ್ರತ್ಯೇಕ ಬಗೆಯಾದ ಟೈಪ್ 99ರಲ್ಲಿದೆ. ಡಿಎನ್‌ಎಸ್ ರೆಕಾರ್ಡ್ ತಿದ್ದುವ ಪ್ಯಾನೆಲ್‌ನ ಪಟ್ಟಿಯಲ್ಲಿ ಎಸ್‌ಪಿಎಫ್ ಅಂತ ಕಂಡದ್ದನ್ನು ಅವಳು ಆರಿಸಿದ್ದಳು. ಯಾರಾದರೂ ಮಾಡುವುದೇ ಅದು. ಆದರೆ ಮೇಲ್ ಪಡೆಯುವ ಸರ್ವರ್‌ಗಳು ಇವತ್ತು ಅತ್ತ ತಿರುಗಿಯೂ ನೋಡುವುದಿಲ್ಲ.

"ಅದೆಲ್ಲ ಕೇಳ್ಬೇಡಮ್ಮ, ಟಿಎಕ್ಸ್‌ಟಿ ಅಂದ್ರೆ ಟಿಎಕ್ಸ್‌ಟಿ" ಅಂದುಬಿಟ್ಟರು ನಮ್ಮ ಸೀನಿಯರ್. ಕೆಲಸ ಬಲ್ಲವರೇ. ಕಾರಣ ಹೇಳುವುದೆಂದರೆ ಮಾತ್ರ ಅವರಿಗೆ ಆಸ್ತಿ ಬರೆದುಕೊಟ್ಟಷ್ಟು ಸಂಕಟ.

ಅವಳ ತರ್ಕ ಸರಿಯಾಗೇ ಇತ್ತು. 2006ರ ಆರ್‌ಎಫ್‌ಸಿ 4408 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಎಸ್‌ಪಿಎಫ್‌ಗೆಂದೇ 99ನೇ ಟೈಪ್ ಕೊಟ್ಟಿತ್ತು. ಎರಡೂ ಬಗೆಯಲ್ಲಿ ಪ್ರಕಟಿಸಿದರೆ ಒಳ್ಳೆಯದು, ಒಂದಂತೂ ಇರಲೇಬೇಕು ಅಂದಿತ್ತು. ಎಡವಟ್ಟಾದದ್ದು ಅಲ್ಲೇ. ಕಳಿಸುವವರು ಟಿಎಕ್ಸ್‌ಟಿ ಒಂದನ್ನೇ ಇಟ್ಟು, ಪಡೆಯುವವರು 99 ಒಂದನ್ನೇ ಕೇಳಿದರೆ ಇಬ್ಬರೂ ನಿಯಮ ಪಾಲಿಸಿದಂತೆಯೇ, ಒಬ್ಬರಿಗೊಬ್ಬರು ಸಿಗುವುದೇ ಇಲ್ಲ! ಸಾಲದ್ದಕ್ಕೆ ಹೊಸ ಟೈಪ್ ಗೊತ್ತೇ ಇಲ್ಲದ ಪ್ಯಾನೆಲ್‌ಗಳು, ಅಂಥ ಪ್ರಶ್ನೆ ಬಂದರೆ ನುಂಗಿಹಾಕುವ ಫೈರ್‌ವಾಲ್‌ಗಳು. ಜನ ಟಿಎಕ್ಸ್‌ಟಿ ಬಿಡಲಿಲ್ಲ. 2014ರಲ್ಲಿ ಆರ್‌ಎಫ್‌ಸಿ 7208 ಟೈಪ್ 99ನ್ನೇ ಕೈಬಿಟ್ಟಿತು.

ಆಮೇಲೂ ಅದನ್ನು ಪಟ್ಟಿಯಲ್ಲಿ ಇಟ್ಟುಕೊಂಡಿರುವ ಪ್ಯಾನೆಲ್‌ನವರ ಮೇಲೆ ನನಗೆ ಸಿಟ್ಟು. ಕನಿಷ್ಠ ಒಂದು ಎಚ್ಚರಿಕೆಯ ಸಾಲು ಬೇಡವೇ?

ಹಾಗಂತ ಟಿಎಕ್ಸ್‌ಟಿ ಗೆದ್ದದ್ದು ಸೊಗಸಿನಿಂದಲ್ಲ. ನಮ್ಮ ಡೊಮೇನ್ ಹೆಸರಿಗೆ ಟಿಎಕ್ಸ್‌ಟಿ ಕೇಳಿದರೆ, ಯಾವ್ಯಾವುದೋ ಸೇವೆಗೆ ಎಂದೋ ಹಾಕಿದ ವೆರಿಫಿಕೇಶನ್ ಕೋಡ್‌ಗಳ ಸಂತೆಯ ನಡುವೆ 'ವಿ=ಎಸ್‌ಪಿಎಫ್1' ಅಂತ ಶುರುವಾಗುವ ಸಾಲನ್ನು ಹೆಕ್ಕಬೇಕು. ಮೇಲ್ ಅಸಲಿಯೇ ಅಂತ ಪರೀಕ್ಷಿಸಲು ನೆರವಾಗುವ ಇನ್ನೆರಡು ವ್ಯವಸ್ಥೆಗಳಾದ ಡಿಕಿಮ್, ಡಿಮಾರ್ಕ್ ಮಾಡಿದವರು ಜಾಣರು. ಅವರೂ ಟಿಎಕ್ಸ್‌ಟಿಯನ್ನೇ ಬಳಸಿದರು, ಆದರೆ '_ಡೊಮೇನ್‌ಕೀ', '_ಡಿಮಾರ್ಕ್' ಅಂತ ಅಂಡರ್‌ಸ್ಕೋರ್ ಹಚ್ಚಿದ ಪ್ರತ್ಯೇಕ ಹೆಸರಿನಡಿ. ಹೊಸ ಟೈಪ್ ಬೇಕಾಗಲಿಲ್ಲ, ನೂಕುನುಗ್ಗಲೂ ಇಲ್ಲ.

ಇಷ್ಟು ಹೇಳಿದ್ದಕ್ಕೆ ಅವಳು, "ಹಾಗಾದ್ರೆ ಹಳೇದರ ಪಕ್ಕದಲ್ಲೇ ಇನ್ನೊಂದು ಟಿಎಕ್ಸ್‌ಟಿ ಹಾಕ್ಲಾ?" ಅಂದಳು. ಬೇಡ, ಎಸ್‌ಪಿಎಫ್ ಸಾಲು ಎರಡಾದರೆ ಪರ್ಮ್‌ಎರರ್, ಅಂದರೆ ತಪಾಸಣೆಯೇ ಕೆಡುತ್ತದೆ, ಇರುವ ಸಾಲನ್ನೇ ತಿದ್ದು ಅಂದೆ. "ಎರಡು ಹಾಕಿದ್ರೆ ಪ್ಯಾನೆಲ್ ತಡೆಯುತ್ತಾ?"

ತಡೆಯುವುದಿಲ್ಲ. ಹಾಕಿ ನೋಡಿದೆವು, ತುಟಿಪಿಟಕ್ ಅನ್ನದೆ ಸೇವ್ ಮಾಡಿಕೊಂಡಿತು.